ದೊಡ್ಡಜ್ಜನ ಬಳ್ಳಿ ಅಕ್ಷರ

ಅನ್ವಿತಾ, ಓಂಕಾರ, ನಿಮ್ಮ ದೊಡ್ಡಜ್ಜನ ಅಕ್ಷರ ಓದಲು ಹೋಗಿ ಒಬ್ಬ ಮನುಷ್ಯ ನಾಯಿಯಿಂದ ಕಚ್ಚಿಸಿಕೊಂಡಿದ್ದಾನೆ ಎಂದರೆ ನಂಬುತ್ತೀರಾ? ನಂಬಲೇಬೇಕು. ನಾನು ಮಾತಾಡುವುದೇ ಕಡಿಮೆ, ಇನ್ನು ಸುಳ್ಳೆಲ್ಲಿಂದ ಬರಬೇಕು!

ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ನನಗೆ ಭಾವ. ಜೋಗೇಶ್ವರಿ ಸ್ಟೇಷನ್ ಹತ್ತಿರ ಅವರದೊಂದು ಪುಟ್ಟ ಅಂಗಡಿ. ಲಗ್ನಪತ್ರಿಕೆ, ನೋಟಿಸು, ಬೋರ್ಡು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಿದ್ದರು. ಆದರೆ ಅವರ ಜೀವವೆಲ್ಲ ಒಂದೇ ಫಾಂಟಿನ ಮೇಲೆ. ಕನ್ನಡವಿರಲಿ, ಹಿಂದಿಯಿರಲಿ, ಯಾರೋ ಕುಂಚ ಹಿಡಿದು ಕೈಯಲ್ಲೇ ಬರೆದಂತೆ ಕಾಣುವ, ಒಂದರ ಬಾಲ ಇನ್ನೊಂದರ ಹೆಗಲೇರುವ ಅಕ್ಷರ. ಅದಕ್ಕೆ ಬಳ್ಳಿ ಅಕ್ಷರ ಎಂದು ಹೆಸರಿಟ್ಟಿದ್ದರು. "ಅಕ್ಷರ ಚಂದ ಅದ" ಎಂದು ಒಬ್ಬರಾದರೂ ಅನ್ನಲಿ ಎಂಬುದೊಂದೇ ಅವರ ಆಸೆ. ಯಾರು ಅನ್ನುತ್ತಾರೆ? ಓದಲು ಬಂದರೆ ತಾನೆ!

"ಅಣ್ಣಾ, ಇದು ಅಕ್ಷರಾನೋ ಶ್ಯಾವಿಗಿನೋ?" ಎಂದು ನಿಮ್ಮ ಅಜ್ಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಗೋ ಮಗನ, ನಗು. ನಿನಗೇನ್ ತಿಳಿತದ!"

ನಮ್ಮ ಬಿಲ್ಡಿಂಗಿನಲ್ಲಿ ನಾಳೆ ನೀರು ಬರುವುದಿಲ್ಲ ಎಂಬ ನೋಟಿಸನ್ನೂ ಅದರಲ್ಲೇ ಮಾಡಿ ಅಂಟಿಸಿದರು. ಕೆಳಗಿನ ಮನೆಯ ಗುಜರಾತಿ ಬೆನ್ ನಮ್ಮ ಬಾಗಿಲಿಗೆ ಬಂದು, "ಭಾಭೀ, ಶಾದಿ ಕಿಸ್‌ಕೀ ಹೈ?" ಎಂದು ಮದುವೆ ಯಾರದೆಂದು ಕೇಳಿದರು. ನಾನು ನಾಚಿ ಒಳಗೆ ಓಡಿದೆ. ಪಾಪ, ಮರುದಿನ ಅವರ ಮನೆಯಲ್ಲಿ ರೇಷ್ಮೆ ಸೀರೆ ಸಿದ್ಧವಿತ್ತು, ನೀರಿರಲಿಲ್ಲ.

ಆಮೇಲೆ ಕಾಂದಿವಲಿಯ ಗಿರಾಕಿಯೊಬ್ಬರ ನಾಯಿ. "ನಾಯಿ ಇದೆ, ದೂರವಿರಿ" ಎಂದು ಗೇಟಿಗೆ ಬೋರ್ಡು. ದೂರದಿಂದ ಓದಲಾಗದೆ ಕೊರಿಯರಿನವನು ಹತ್ತಿರ ಹೋದ. ಅವನು ಓದಿ ಮುಗಿಸುವುದರೊಳಗೆ ನಾಯಿಯೇ ಬಂದು ಅರ್ಥ ಹೇಳಿತು!

ಗಿರಾಕಿ ಬೋರ್ಡನ್ನು ತಂದು ಮೇಜಿನ ಮೇಲೆ ಎಸೆದರು. "ಕಾಕಾ, ಸೀದಾ ಸೀದಾ ಲಿಖೋ ನಾ!" ನೆಟ್ಟಗೆ ಬರೆಯಬಾರದೇ ಎಂದು ಗದರಿದರು.

ಅಂದಿನಿಂದ ಭಾವ ಆ ಫಾಂಟನ್ನು ಮುಟ್ಟಲಿಲ್ಲ. ಕೇಳಿದರೆ, "ಮಂದಿಗೆ ಬ್ಯಾಡಾದ್ದು ನನಗ್ಯಾಕ" ಎನ್ನುತ್ತಿದ್ದರು. ನಿಮ್ಮ ಅಜ್ಜನಿಗೂ ನಗಲು ಏನೂ ಉಳಿಯಲಿಲ್ಲ.

ಮರುವರ್ಷ ನಿಮ್ಮ ಅಜ್ಜ ಹೋದರು.

ದಿನಕರ್ಮದ ಕಾರ್ಡಿನ ಮಾದರಿ ಹಿಡಿದು ಭಾವ ಬಂದರು. ನೆಟ್ಟಗೆ ನಿಂತ ಕಪ್ಪು ಅಕ್ಷರ. ಲಿಫ್ಟ್ ಬಂದ್ ಎಂದು ಬರೆಯುವಂಥದ್ದು. ಅದರಲ್ಲಿ ನಿಮ್ಮ ಅಜ್ಜನ ಹೆಸರು ಬೇರೆ ಯಾರದೋ ಹೆಸರಿನಂತೆ ಕಂಡಿತು. ಮದುವೆಯಾಗಿ ಬಂದ ದಿನದಿಂದ ನಾನು ಭಾವನೆದುರು ಬಾಯಿ ತೆರೆದವಳಲ್ಲ. ಏನಿದ್ದರೂ ನಿಮ್ಮ ಅಜ್ಜನಿಂದಲೇ ಹೇಳಿಸುತ್ತಿದ್ದೆ. ಈಗ ಯಾರಿಂದ ಹೇಳಿಸಲಿ? ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನೇ ಹೇಳಿದೆ:

"ಹೆಸರಿಗಷ್ಟ ಬಳ್ಳಿ ಅಕ್ಷರ ಹಾಕ್ರಿ."

"ಬ್ಯಾಡ ತಂಗೀ. ಮಂದಿ ನಗತಾರ."

"ಅವರೂ ನಗತಿದ್ರಲ್ರಿ."

ಭಾವ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಹಾಕಿಕೊಳ್ಳಲೇ ಇಲ್ಲ.

ಮರುದಿನ ಹೊಸ ಕಾರ್ಡು ತಂದು ಬಾಗಿಲಲ್ಲೇ ನಿಂತರು, ಪರೀಕ್ಷೆ ಬರೆದ ಮಕ್ಕಳ ಹಾಗೆ. ನಾನು ತಲೆ ವಾಲಿಸಿ ನಿಧಾನವಾಗಿ ಓದಿದೆ.

"ಅಕ್ಷರ ಚಂದ ಅದರಿ" ಎಂದೆ.

ಆ ಕಾರ್ಡು ಈ ಹಾಳೆಗಳ ನಡುವೆಯೇ ಇದೆ. ಅಜ್ಜನ ಹೆಸರು ಓದಲಾಗದಿದ್ದರೆ ಹತ್ತಿರ ಹಿಡಿದುಕೊಳ್ಳಿ, ಅದು ಕಚ್ಚುವುದಿಲ್ಲ. ನಗು ಬಂದರೆ ನಕ್ಕುಬಿಡಿ. ಆಮೇಲೆ ಎಲ್ಲವನ್ನೂ ಮೊದಲಿನಂತೆ ಮಡಿಸಿ ಜೋಪಾನವಾಗಿ ಇಡಿ, ಮಕ್ಕಳೇ.