ದೇವರ ಜಗಲಿಯ ಮೇಲೊಂದು ಫೋನು

ಯುದ್ಧಗಳು ಗಡಿಯಲ್ಲಿ ನಡೆಯುತ್ತವೆ ಎಂಬುದು ಮೇಲುನೋಟದ ಮಾತು. ಪ್ರತಿಯೊಂದು ಯುದ್ಧವೂ ಕೊನೆಗೆ ಬಂದು ಮುಟ್ಟುವುದು ಅಡಿಗೆಮನೆಯನ್ನೇ. ಈ ಘನವಾದ ವಾಕ್ಯವನ್ನು ನನ್ನ ಮಹಾಪ್ರಬಂಧದ ಮೊದಲ ಸಾಲಾಗಿ ಬರೆದು, ಅದರ ಗಾಂಭೀರ್ಯವನ್ನು ಪರೀಕ್ಷಿಸಲು ಒಮ್ಮೆ ಗಟ್ಟಿಯಾಗಿ ಓದಿದೆ. ನಮ್ಮ ಅಡಿಗೆಮನೆಯಿಂದಲೇ ಉತ್ತರ ಬಂತು: "ಹಂಗಾದ್ರೆ ಇಲ್ಲಿಗೇ ಬಂದು ಈ ಈರುಳ್ಳಿ ಹೆಚ್ಚಿಕೊಡ್ರಿ." ಹೇಳಿದವಳು ನನ್ನ ಹೆಂಡತಿ ಗಿರಿಜ. ಹೆಚ್ಚಿಕೊಟ್ಟೆ. ಮಹಾಪ್ರಬಂಧದ ಎರಡನೆಯ ಸಾಲನ್ನು ಕಣ್ಣೀರು ಒರೆಸಿಕೊಂಡು ಬರೆಯಬೇಕಾಯಿತು.

ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಈ ವಯಸ್ಸಿನಲ್ಲಿ ಬೇರೆಯವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಸಕ್ಕರೆಯ ಪಡಿತರದ ಬಗ್ಗೆ ಸಂಶೋಧನೆ ಬಂತು. ಯುದ್ಧದ ಕಾಲದಲ್ಲಿ ಸಕ್ಕರೆ, ಸೀಮೆಎಣ್ಣೆ, ಬಟ್ಟೆಗಳನ್ನು ಸರ್ಕಾರ ಹೇಗೆ ಅಳೆದು ಹಂಚಿತು, ಜನ ಅದನ್ನು ಹೇಗೆ ಸಹಿಸಿಕೊಂಡರು, ಸಹಿಸದವರು ಹೇಗೆ ಜಾರಿಕೊಂಡರು ಎಂಬುದು ವಿಷಯ. ನಿವೃತ್ತಿಯಾಗುವ ಮೊದಲು ಕಾಲೇಜಿನ ನನ್ನ ಕೋಣೆಯ ಹಲಗೆಯ ಮೇಲೆ ಹೆಸರಿನ ಹಿಂದೆ ಒಂದು 'ಡಾ.' ಬರೆಸಬೇಕು, ಒಂದು ವಾರವಾದರೂ ಅದರ ಕೆಳಗೆ ಹಾದು ಒಳಗೆ ಹೋಗಬೇಕು ಎಂಬುದಷ್ಟೇ ನನ್ನ ಆಸೆ. ಅದಕ್ಕಾಗಿ ನ್ಯಾಮತಿ, ಜಗಳೂರು ಎಂದು ಬಸ್ಸಿನಲ್ಲಿ ಅಲೆದು ಹಳಬರನ್ನು ಮಾತಾಡಿಸಿದೆ. ಜಗಳೂರಿನ ಒಬ್ಬ ಅಜ್ಜನವರು ನನ್ನ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ಯುದ್ಧ ಎಲ್ಲಿ ನಡೀತಿತ್ತೋ ನಮಗೇನು ಗೊತ್ತು ಸಾರ್. ಸೀಮೆಎಣ್ಣಿ ಮಾತ್ರ ನಮ್ಮೂರಾಗೆ ನಿಂತ್ಹೋತು" ಎಂದರು. ಆಮೇಲೆ ನನ್ನ ಚೀಲವನ್ನು ನೋಡುತ್ತ, "ಈಗೇನು, ಬಾಕಿ ಸೀಮೆಎಣ್ಣಿ ಕೊಡಾಕೆ ಬಂದೀರೇನು?" ಎಂದು ಕೇಳಿದರು. ಇಲ್ಲವೆಂದು ತಿಳಿದ ಮೇಲೆ ಅವರಿಗೆ ನನ್ನ ಸಂಶೋಧನೆಯಲ್ಲಿ ಆಸಕ್ತಿ ಉಳಿಯಲಿಲ್ಲ.

ಅಂತೂ ಪ್ರಬಂಧ ಮುಗಿದು ಮೌಖಿಕ ಪರೀಕ್ಷೆಯೊಂದು ಉಳಿಯಿತು. ಪರೀಕ್ಷಕರು ದೂರದವರಾದ್ದರಿಂದ ಅದು ಆನ್‌ಲೈನಿನಲ್ಲೇ ಆಗಲಿ ಎಂದು ತೀರ್ಮಾನವಾಯಿತು. ಸರಿಯಾಗಿ ಆ ವಾರವೇ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ನಮ್ಮ ಬೀದಿಯ ಇಂಟರ್‌ನೆಟ್ ಕೇಬಲ್ಲನ್ನು ಬೇರುಸಮೇತ ಕಿತ್ತು ಪಕ್ಕಕ್ಕಿಟ್ಟಿತು. ಕೇಬಲ್ಲಿನವರು "ನಾಳೆ ಸಾರ್" ಎಂದರು. ಅವರ ನಾಳೆ ಇವತ್ತಿನ ಮರುದಿನವೇ ಬರುವಂಥದ್ದಲ್ಲ. ಉಳಿದ ದಾರಿಯೆಂದರೆ ಗಿರಿಜಳ ಫೋನಿನ ಹಾಟ್‌ಸ್ಪಾಟು. ನನ್ನದು ಗುಂಡಿ ಒತ್ತುವ ಫೋನಾದ್ದರಿಂದ ಅದರಿಂದ ಮಾತು ಬಿಟ್ಟು ಬೇರೇನೂ ಹರಿಯುವುದಿಲ್ಲ. ಗಿರಿಜಳ ಫೋನಿಗೆ ದಿನಕ್ಕೆ ಇಷ್ಟೇ ಡೇಟಾ ಎಂದು ಕಂಪನಿಯವರೇ ಪಡಿತರ ಗೊತ್ತುಮಾಡಿದ್ದರು. ಆ ಪಡಿತರವನ್ನು ಮಧ್ಯಾಹ್ನದೊಳಗೆ ಒಬ್ಬಳೇ ಉಂಡು ಮುಗಿಸುತ್ತಿದ್ದವಳು ನಮ್ಮ ಮೊಮ್ಮಗಳು ಅಮ್ಮು.

ಅಮ್ಮುಗೆ ನಾಲ್ಕು ವರ್ಷ. ನನ್ನ ಮಗಳು ಬೆಳಿಗ್ಗೆ ಹೊನ್ನಾಳಿ ಬಸ್ಸು ಹತ್ತಿ ಅಲ್ಲಿನ ಶಾಲೆಯಲ್ಲಿ ಪಾಠ ಹೇಳಲು ಹೋದರೆ ಅಮ್ಮು ಸಂಜೆಯವರೆಗೆ ನಮ್ಮ ಪಾಲಿಗೆ. ಒಳ್ಳೆಯ ಮಗು, ಆದರೆ ಸಿಡುಕು. ಚಪ್ಪಲಿ ನಾವು ಹಾಕಿದರೆ ಸಿಡುಕು, ಹಾಕದಿದ್ದರೆ ಸಿಡುಕು. ರೊಟ್ಟಿ ಮುರಿದು ಕೊಟ್ಟರೆ "ಮತ್ತೆ ಅಂಟಿಸಿ ಕೊಡು" ಎಂದು ಸಿಡುಕು. ಸ್ನಾನದ ಹೊತ್ತಿನಲ್ಲಂತೂ ಎದುರುಮನೆಯವರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮಕ್ಕಳ ಸಿಡುಕಿಗೆ ಕಾರಣವೇನೆಂದು ಗಿರಿಜ ಫೋನಿನಲ್ಲೇ ಹುಡುಕಿ, "ಫೋನು ಜಾಸ್ತಿ ನೋಡಿದ್ರೆ ಹಿಂಗಾಗ್ತೈತಂತೆ" ಎಂದು ನನಗೆ ಓದಿ ಹೇಳಿದಳು. ಓದುವಾಗ ಅವಳ ತೋಳಿಗೆ ಒರಗಿ ಅಮ್ಮುವೂ ಅದೇ ಫೋನನ್ನು ನೋಡುತ್ತಿದ್ದಳು.

ನಾನು ನಿಯಂತ್ರಣ ಜಾರಿಗೆ ತಂದೆ. ಅಮ್ಮುಗೆ ಸಂಜೆ ಅರ್ಧ ಗಂಟೆ ಫೋನು; ಉಳಿದದ್ದು ವಿದ್ಯೆಗೆ ಮೀಸಲು. ವಾರ ಕಳೆಯುವುದರೊಳಗೆ ಕಾಳಸಂತೆ ತೆರೆಯಿತು. ರೊಟ್ಟಿ ತಟ್ಟುವ ಹೊತ್ತಿಗೆ ಗಿರಿಜ ಗುಟ್ಟಾಗಿ ಫೋನು ಕೊಟ್ಟು ಶಾಂತಿಯನ್ನು ಕೊಳ್ಳುತ್ತಿದ್ದಳು. ಹಿಡಿದು ಕೇಳಿದೆ. "ಹೌದ್ರೀ, ಕೊಟ್ಟೆ. ನೀವು ಕೂಸನ್ನ ಹಿಡ್ಕಂಡು ಕೂಡ್ರಿ, ನಾನು ಕೊಡಲ್ಲ. ಆಮೇಲೆ ರೊಟ್ಟಿ ಯಾಕೆ ಸೀದೈತೆ ಅಂತ ಕೇಳಬ್ಯಾಡ್ರಿ" ಎಂದಳು. ಕಾಳಸಂತೆಯ ಪರವಾಗಿ ಇಷ್ಟು ಗಟ್ಟಿಯಾದ ವಾದ ನನ್ನ ಪ್ರಬಂಧದಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ಮೊಬೈಲ್ ಅಂಗಡಿಗೆ ಹೋಗಿ, ಫೋನಿನ ಬೀಗ ನನ್ನ ಹೆಬ್ಬೆರಳಿಗೆ ಮಾತ್ರ ತೆರೆಯುವಂತೆ ಮಾಡಿಸಿಕೊಂಡು ಬಂದೆ. ಆ ಬೆರಳನ್ನು ಜೇಬಿನಲ್ಲಿಟ್ಟುಕೊಂಡು ಮನೆಯೊಳಗೆ ಓಡಾಡುವಾಗ, ಅಧಿಕಾರವೆಂದರೆ ಏನೆಂದು ಮೊದಲ ಸಲ ಮೈಗೆ ತಿಳಿಯಿತು. ಹೆಂಡತಿ ತನ್ನ ತಂಗಿಗೆ ಫೋನು ಮಾಡಬೇಕಾದರೂ ನನ್ನ ಹತ್ತಿರ ಬಂದು ನಿಲ್ಲಬೇಕು. ನಾನು ಪೇಪರು ಮಡಿಸಿಟ್ಟು, ಸ್ವಲ್ಪ ತಡಮಾಡಿ, ಬೆರಳು ನೀಡುತ್ತಿದ್ದೆ.

ಪರೀಕ್ಷೆಯ ದಿನ ಹಾಟ್‌ಸ್ಪಾಟು ಹಚ್ಚಿದ ಫೋನನ್ನು ಎಲ್ಲಿಡುವುದೆಂಬ ಪ್ರಶ್ನೆ ಎದ್ದಿತು. ನನ್ನ ಹತ್ತಿರ ಇದ್ದರೆ ಅಮ್ಮು ತೊಡೆಯೇರುತ್ತಾಳೆ. ಸ್ಟೀಲಿನ ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆ. ನೆಟ್ಟೂ ಅಕ್ಕಿಯ ಜೊತೆ ಒಳಗೇ ಉಳಿಯಿತು. "ಜಗಲಿ ಮ್ಯಾಲೆ ಇಡ್ರಿ, ಅಲ್ಲಿಗೆ ಅದು ಕೈ ಹಾಕಲ್ಲ" ಎಂದಳು ಗಿರಿಜ. ಸ್ನಾನ ಮಾಡದೆ ದೇವರ ಜಗಲಿ ಮುಟ್ಟುವಂತಿಲ್ಲ ಎಂಬುದು ನಮ್ಮ ಮನೆಯ ಕಾನೂನು. ಅಮ್ಮು ಎಂದೂ ಮುರಿಯದ ಕಾನೂನು ಅದೊಂದೇ. ಸ್ನಾನ ಮಾಡುವುದಕ್ಕಿಂತ ದೇವರಿಂದ ದೂರವಿರುವುದು ಅವಳಿಗೆ ಸುಲಭ. ವಿಭೂತಿ ಗಟ್ಟಿಯ ಪಕ್ಕದಲ್ಲಿ ಫೋನು ಇಟ್ಟೆವು. ಅಮ್ಮು ದೇವರಕೋಣೆಯ ಬಾಗಿಲಲ್ಲಿ ನಿಂತು ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಹಿತ್ತಲ ಕಡೆ ಹೋದಳು. ಸಿಡುಕಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂರು ಮುಖಗಳು ಮೂಡಿದವು. ಮೊದಲ ಪ್ರಶ್ನೆಗಳು ಸಲೀಸಾಗಿ ಕಳೆದವು. ಆಮೇಲೆ ಹೊರಗಿನ ವಿಶ್ವವಿದ್ಯಾಲಯದ ಮೇಡಂ ಒಬ್ಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು: "ಯುದ್ಧ ಮುಗಿದ ಮೇಲೂ ಈ ನಿಯಂತ್ರಣಗಳು ಯಾಕೆ ಮುಗೀಲಿಲ್ಲ? ನಿಮ್ಮ ಪ್ರಬಂಧದಾಗ ಇದಕ್ಕ ಉತ್ತರ ಸಿಗಲಿಲ್ಲ. ಈಗ ಹೇಳಿದ್ರ ಸರಿ, ಇಲ್ಲಾಂದ್ರ ಒಂದು ಅಧ್ಯಾಯ ಮತ್ತ ಬರದು ಕೊಡಬೇಕಾಗ್ತದ." ಉತ್ತರ ಸಿಗದಿದ್ದುದು ಅವರ ತಪ್ಪಲ್ಲ, ಅದು ಅಲ್ಲಿ ಇರಲೇ ಇಲ್ಲ. ಮತ್ತೆ ಬರೆಯಬೇಕೆಂದರೆ ಆ 'ಡಾ.' ಬರುವ ಹೊತ್ತಿಗೆ ಕೋಣೆಯೇ ನನ್ನದಾಗಿರುವುದಿಲ್ಲ. ಬಾಯಿ ತೆರೆದೆ. ಬಾಯಿ ತೆರೆದೇ ಉಳಿಯಿತು.

ಆಗ ನನ್ನ ಮಾರ್ಗದರ್ಶಕರು, "ನೆಟ್ ಹೋಯ್ತು ಅನ್ಸುತ್ತೆ. ಸಾರ್ ಫ್ರೀಜ್ ಆಗಿದ್ದಾರೆ" ಅಂದರು. ಆ ಗಳಿಗೆಯಲ್ಲಿ ಆ ಮನುಷ್ಯ ನನಗೆ ದೇವರಂತೆ ಕಂಡರು. ನಾನು ಇದ್ದ ಹಾಗೇ ಇದ್ದುಬಿಟ್ಟೆ. ಬಾಯಿ ಮುಚ್ಚಲಿಲ್ಲ, ಕಣ್ಣು ಮಿಟುಕಿಸಲಿಲ್ಲ, ಉಸಿರನ್ನೂ ಪಡಿತರದ ಅಳತೆಯಲ್ಲೇ ಬಿಟ್ಟೆ. ಅವರು ಹವಾಮಾನದ ಬಗ್ಗೆ ಮಾತಾಡಿಕೊಳ್ಳತೊಡಗಿದರು. ಅಷ್ಟರಲ್ಲಿ ಉತ್ತರವೊಂದನ್ನು ಹೊಂದಿಸೋಣವೆಂದು ತಲೆಯೊಳಗೆ ತಡಕಾಡುತ್ತಿದ್ದಾಗ ಪಕ್ಕದಲ್ಲಿ ನೀರು ತೊಟ್ಟಿಕ್ಕುವ ಸದ್ದಾಯಿತು.

ಅಮ್ಮು ನಿಂತಿದ್ದಳು. ಫ್ರಾಕು ಸಮೇತ ಸ್ನಾನ ಮಾಡಿದ್ದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಫೋನು. "ಅಜ್ಜ, ನಾನೇ ಸ್ನಾನ ಮಾಡ್ಕಂಡೆ. ಮುಟ್ಟಬೋದು" ಎಂದಳು. ಫ್ರೀಜ್ ಆದ ಮನುಷ್ಯ ಉತ್ತರ ಕೊಡುವುದು ಹೇಗೆ? ಅವಳು ನನ್ನ ಕೈಯನ್ನು ಎತ್ತಿ, ಹೆಬ್ಬೆರಳನ್ನು ಬಿಡಿಸಿ, ಫೋನಿಗೆ ಒತ್ತಿದಳು. ತೆರೆಯಲಿಲ್ಲ. "ಒದ್ದೆ ಆಗೈತೆ" ಎಂದು ತಾನೇ ಹೇಳಿಕೊಂಡು, ನನ್ನ ಬೆರಳನ್ನು ನನ್ನ ಕೋಟಿಗೇ ಒರೆಸಿ ಮತ್ತೆ ಒತ್ತಿದಳು. ತೆರೆಯಿತು. ಮೊಲವೊಂದು ಹಾಡು ಹೇಳಲು ಶುರುಮಾಡಿತು. ಒಳಗಿನಿಂದ ಗಿರಿಜ, "ಅಮ್ಮು, ಬಚ್ಚಲಾಗೆ ನಲ್ಲಿ ಬಿಟ್ಟು ಬಂದಿಯಲ್ಲೇ" ಎನ್ನುತ್ತ ಬಂದು, ಬಾಯಿ ತೆರೆದು ಕೂತ ನನ್ನನ್ನು ಕಂಡು, "ಯಾಕ್ರೀ, ಏನಾತು ನಿಮಗೆ?" ಎಂದು ಭುಜ ಹಿಡಿದು ಅಲುಗಾಡಿಸಿದಳು.

ಪರದೆಯ ಮೇಲಿನ ಮೇಡಂ ಗಂಭೀರವಾಗಿಯೇ ಹೇಳಿದರು: "ಸರ, ನಿಮ್ಮ ನೆಟ್ ಭಾಳ ಚಲೋ ಐತಿ."

ಇನ್ನು ಮಿಟುಕಿಸದೆ ಉಪಯೋಗವಿಲ್ಲವೆಂದು ಮಿಟುಕಿಸಿದೆ. ಮರ್ಯಾದೆ ಹೇಗೂ ಹೋಗಿತ್ತಾದ್ದರಿಂದ ನಿಜವನ್ನೇ ಹೇಳಿದೆ. ಕೇಬಲ್ಲು, ಅರ್ಧ ಗಂಟೆ, ರೊಟ್ಟಿಯ ಹೊತ್ತಿನ ಕಾಳಸಂತೆ, ಹೆಬ್ಬೆರಳು, ಜಗಲಿ, ಎಲ್ಲ. "ಮೇಡಂ, ಕೇಬಲ್ಲು ನಾಳೆ ಸರಿಹೋದರೂ ಈ ಬೀಗ ತೆಗೆಯಲು ನನಗೆ ಮನಸ್ಸಿಲ್ಲ. ಜನ ಬಂದು ಎದುರಿಗೆ ನಿಲ್ಲುವುದು ರೂಢಿಯಾಗಿಬಿಟ್ಟಿದೆ. ಹಂಚುವವನಿಗೆ ಹಂಚುವುದರ ರುಚಿ ಹತ್ತುತ್ತದೆ. ಯುದ್ಧ ಮುಗಿದರೂ ನಿಯಂತ್ರಣ ಮುಗಿಯದ್ದಕ್ಕೆ ಅದೂ ಒಂದು ಕಾರಣವಿರಬೇಕು" ಎಂದೆ. ಮೂವರೂ ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಈ ಸಲ ನಿಜವಾಗಿಯೂ ನೆಟ್ ಹೋಗಿತ್ತು. ಮೊಲ ಡೇಟಾ ಮುಗಿಸಿತ್ತು.

ಅರ್ಧ ತಾಸು ನಾನು ಉಗುರು ಕಚ್ಚುತ್ತ ಕೂತಿದ್ದೆ. ಆಮೇಲೆ ನನ್ನ ಗುಂಡಿ ಫೋನಿಗೆ ಮಾರ್ಗದರ್ಶಕರ ಕರೆ ಬಂತು. "ಒಪ್ಪಿದ್ರು ಸಾರ್. ಆ ಉತ್ತರವನ್ನ ಕೊನೆಗೆ ಎರಡು ಪುಟ ಸೇರಿಸಿ ಕೊಟ್ರೆ ಸಾಕಂತೆ. ಮೊಲ ಬೇಡವಂತೆ." ಎದೆಯ ಮೇಲಿನ ಅಕ್ಕಿಮೂಟೆ ಇಳಿದಂತಾಯಿತು. ಗಿರಿಜ ಮಂಡಕ್ಕಿ ಕಲಸಿ ಮೆಣಸಿನಕಾಯಿ ಬೋಂಡ ಕರಿದಳು. ಅಮ್ಮು ಸಿಡುಕದೆ ತಿಂದಳು.

ಹಲಗೆಯ ಮೇಲೆ 'ಡಾ.' ಬಂದಾಗ ಅಭಿನಂದನೆಗಳೂ ಬರತೊಡಗಿದವು, ಎಲ್ಲವೂ ಗಿರಿಜಳ ಫೋನಿಗೆ. ಒಬ್ಬೊಬ್ಬರಿಗೂ ಉತ್ತರಿಸುವುದು ವಿದ್ವಾಂಸನ ಕರ್ತವ್ಯವೆಂದು ದಿನವಿಡೀ ಅದನ್ನೇ ಹಿಡಿದು ಕೂತೆ. ಊಟಕ್ಕೆ ಕರೆದರೆ ರೇಗಿದೆ, ಕಾಫಿ ಆರಿದೆ ಎಂದು ರೇಗಿದೆ. "ಕೂಸಿಗಿಂತ ನೀವೇ ಜಾಸ್ತಿ ಸಿಡುಕಾಕೆ ಹತ್ತೀರಿ" ಎಂದ ಗಿರಿಜ, ಮರುದಿನ ತಾನೇ ಮೊಬೈಲ್ ಅಂಗಡಿಗೆ ಹೋಗಿ ಬಂದಳು. ಕೇಬಲ್ಲು ಸರಿಹೋಗಿದೆ. ಫೋನು ಈಗ ಅವಳ ಹೆಬ್ಬೆರಳಿಗೆ ತೆರೆಯುತ್ತದೆ. ಅಮ್ಮುಗೆ ಸಂಜೆ ಅರ್ಧ ಗಂಟೆ, ನನಗೂ ಅರ್ಧ ಗಂಟೆ.