ಸಿರೇನಾಗೆ ಮೂರು ಬೊಟ್ಟು, ಪೊಲೊನೆಜ್‌ಗೂ ಮೂರು

ಹಳೇ ಕಾರು ಇಟ್ಟುಕೊಂಡವನ ಮನೆ ಮುಂದೆ ನಗೋ ವಿಷಯ ತಾನಾಗೇ ಬಂದು ನಿಲ್ಲುತ್ತೆ. ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ನನ್ನ ಹತ್ರ ಎರಡಿದ್ದವು, ಎರಡೂ ಪೋಲೆಂಡಿನವು. ಸಿರೇನಾ ನಮ್ಮಪ್ಪನ ಕಾಲದ್ದು. ಪೊಲೊನೆಜ್ ನನ್ನ ಕಾಲದ್ದು. ಲಾರಿ ಕಾರ್ಖಾನೆಯಲ್ಲಿ ಬೋಲ್ಟು ತಿರುಗಿಸಿ ಬಂದು ಸಂಜೆ ಇವನ್ನ ರಿಪೇರಿ ಮಾಡ್ತಿದ್ದೆ. ಹೆಂಡತಿ ಟಾರ್ಚ್ ಹಿಡೀತಿದ್ದಳು. ಈಗ ಅವಳಿಲ್ಲ.

೧. ಬಾಗಿಲು

ನನ್ನ ಸಿರೇನಾದ ಬಾಗಿಲು ಹಿಂದುಮುಂದು. ಕೀಲು ಹಿಂದೆ, ಹಿಡಿ ಮುಂದೆ. ಸೀರೆ ಉಟ್ಟವರು ನೆರಿಗೆ ಕೆಡದೆ ಕೂರಬಹುದು. ಪೊಲೊನೆಜ್‌ದು ಎಲ್ಲ ಕಾರಿನ ಥರದ್ದೇ ಬಾಗಿಲು. ಆದ್ರೆ ಹೀಟರ್ ಜೋರು.

"ಎರಡರಲ್ಲಿ ಯಾವುದು ಚೆನ್ನಾಗಿರೋದು ಕಣೇ?" ಅಂತ ಹೆಂಡತೀನ ಕೇಳಿದೆ.

"ಹತ್ತೋಕೆ ಅದು, ಕೂತಿರೋಕೆ ಇದು ರೀ," ಅಂದಳು.

೨. ಲೋಟ

ಸಿರೇನಾಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕು. ಪೊಲೊನೆಜ್‌ಗೆ ಆ ಕಾಟ ಇಲ್ಲ. ಎಣ್ಣೆ ಅಳೆಯೋಕೆ ಒಂದು ಸ್ಟೀಲ್ ಲೋಟ. ಅಡುಗೆ ಲೋಟಗಳ ಜೊತೆ ಸೇರದಿರಲಿ ಅಂತ ಹೆಂಡತಿ ಅದಕ್ಕೆ ಕುಂಕುಮ ಹಚ್ಚಿದ್ದಳು. ಇಲ್ಲೇ ಸೋಲ್ನಾ ಊರಲ್ಲಿರೋ ಬೆಂಗಳೂರಿನವರೊಬ್ರು ಊಟಕ್ಕೆ ಬಂದ್ರು. ಲೋಟ ನೋಡಿ ಕೈ ಮುಗಿದು, ಬೊಗಸೆ ಒಡ್ಡಿದ್ರು.

"ತೀರ್ಥ ಅಲ್ಲ, ಕಾರಿನ ಎಣ್ಣೆ," ಅಂದಳು ಹೆಂಡತಿ. "ಕೈ ಮುಗಿದಿದ್ದು ಸರೀನೇ ಬಿಡಿ. ಅದಿಲ್ದೆ ನಮ್ಮದು ಮುಂದಕ್ಕೆ ಹೋಗಲ್ಲ."

೩. ಗುರುತು

ಅವಳು ಹೋದ ಮೇಲೆ ಸಣ್ಣ ಮನೆಗೆ ಬಂದೆ, ಅಲ್ಲಿನ ಶೆಡ್ಡಿನಲ್ಲಿ ಒಂದಕ್ಕೇ ಜಾಗ ಸಿಕ್ತು. ಒಂದನ್ನ ಕೊಡಲೇಬೇಕು. ಹಳೇ ಕಾರು ಕೂಡಿಡೋ ಸ್ವೀಡಿಶ್ ಮುದುಕ ಒಬ್ಬ ಬಂದ. ಸಿರೇನಾ ಬಾನೆಟ್ ಎತ್ತಿದ. ಒಳಗೆ ಮೂರು ಕೆಂಪು ಬೊಟ್ಟು. ಫೋಟೋ ಹೊಡೆದ. ಪೊಲೊನೆಜ್‌ದು ಎತ್ತಿದ. ಅಲ್ಲೂ ಮೂರು. ಅದರದ್ದೂ ಫೋಟೋ ಹೊಡೆದ.

"ಎರಡು ಕಾಲದ ಕಾರು. ಕಾರ್ಖಾನೆಯಲ್ಲಿ ಚೆಕ್ ಮಾಡಿ ಬಣ್ಣದ ಬೊಟ್ಟಿಡ್ತಾರಲ್ಲ, ಎರಡನ್ನೂ ಒಬ್ಬನೇ ಇನ್‌ಸ್ಪೆಕ್ಟರ್ ಪಾಸ್ ಮಾಡಿದ್ದಾನೆ," ಅಂದ.

"ಹೌದು. ನನ್ನ ಹೆಂಡತಿ," ಅಂದೆ. ಆಯುಧಪೂಜೆ ಅಂದ್ರೆ ಏನು ಅಂತ ಹೇಳಿದೆ. "ಅವಳು ಇಟ್ಟ ಕೊನೇ ಬೊಟ್ಟು ಇವು. ಒರೆಸಲ್ಲ ಅಂದ್ರೆ ಪೊಲೊನೆಜ್ ತಗೊಂಡು ಹೋಗಿ."

ಟೋಪಿ ತೆಗೆದ. ಒರೆಸಲ್ಲ ಅಂದ.

೪. ತಪಾಸಣೆ

ಅವಳಿಲ್ಲದ ಮೇಲೆ ನಾನು ಪೂಜೆ ಮಾಡಿರಲಿಲ್ಲ. ಈ ಸಲ ಆಯುಧಪೂಜೆ ದಿನ ಪೊಲೊನೆಜ್ ಬಂದು ಬಾಗಿಲ ಮುಂದೆ ನಿಂತಿತು. ಮುದುಕನ ಕೈಯಲ್ಲಿ ನಾಲ್ಕು ನಿಂಬೆಹಣ್ಣು, ಚಕ್ರಕ್ಕೊಂದು.

"ಒರೆಸಿಲ್ಲ, ಬೊಟ್ಟು ತಾನಾಗೇ ಪೂರ್ತಿ ಮಾಸಿದೆ. ಈ ವರ್ಷದ ತಪಾಸಣೆ ಆಗಬೇಕು," ಅಂದ.

ಬಾನೆಟ್ ಎತ್ತಿ, ಅವಳ ಭರಣಿಯಿಂದ ಕುಂಕುಮ ತೆಗೆದು ಮೂರು ಬೊಟ್ಟಿಟ್ಟೆ. ಮುದುಕ ಫೋನಿನಲ್ಲಿ ಹಳೇ ಫೋಟೋ ತೆಗೆದು, ಕನ್ನಡಕ ಏರಿಸಿ ಹೋಲಿಸಿ ನೋಡಿದ.

"ಫೇಲ್," ಅಂದ. "ಅವರದ್ದರಲ್ಲಿ ನಡುವಿನದು ಸ್ವಲ್ಪ ಮೇಲಿತ್ತು."

ನನ್ನದನ್ನ ಒರೆಸಿ ಮತ್ತೆ ಇಟ್ಟೆ. ಎರಡನೇ ಸಲಕ್ಕೆ ಪಾಸ್ ಮಾಡಿದ. ಸಿರೇನಾ ನೋಡೋಕೂ ಅವನನ್ನೇ ಕರೆದೆ.