ಆರುನೂರ ಹನ್ನೆರಡು ಗಂಡಸರು ಮತ್ತು ನನ್ನ ಕುರ್ಚಿ

ನಮ್ಮ ಕುಟುಂಬದಿಂದ ಸುಳ್ಳನ್ನು ಬೇರುಸಹಿತ ಕಿತ್ತೊಗೆಯುವುದೆಂದು ಎರಡು ತಿಂಗಳ ಹಿಂದೆ ನಾನು ಸಂಕಲ್ಪ ಮಾಡಿದೆ! ಆಫೀಸಿನಲ್ಲಿ ಸುಳ್ಳು ಸುದ್ದಿ ಪತ್ತೆಹಚ್ಚುವ ಬಗ್ಗೆ ಎರಡು ಗಂಟೆ ತರಬೇತಿ ಕೊಟ್ಟು, ಬಿಸ್ಕತ್ತು ಕೊಟ್ಟು, ಕೊನೆಗೆ ಸರ್ಟಿಫಿಕೇಟನ್ನೂ ಕೊಟ್ಟಿದ್ದರು. ಸರ್ಟಿಫಿಕೇಟು ಕೈಗೆ ಬಂದ ಮೇಲೆ ಸುಮ್ಮನಿರುವ ಆಸಾಮಿಯಲ್ಲ ನಾನು.

ಮೊದಲ ಬೇಟೆ ಮನೆಯಲ್ಲೇ ಸಿಕ್ಕಿತು. ನಮ್ಮ ಜೊತೆಯಲ್ಲೇ ಇರುವ ಅತ್ತೆ ನಾಗಲಕ್ಷ್ಮಮ್ಮನವರು, ಮೆಂತ್ಯದ ನೀರು ಕುಡಿದರೆ ಏಳೇ ದಿನದಲ್ಲಿ ಕನ್ನಡಕ ಬಿಸಾಡಬಹುದೆಂಬ ಯಾವುದೋ ಸಂಶೋಧನೆಯನ್ನು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಎಂಬತ್ತನಾಲ್ಕು ನೆಂಟರ ಎದುರು ನಾನು ನಾಲ್ಕು ನಿಯಮ ಬರೆದು ಆ ಸಂಶೋಧನೆಯನ್ನು ಚಿಂದಿ ಚಿಂದಿ ಮಾಡಿದೆ. ಯಾರ ಮೇಲೆ ಪ್ರಯೋಗ ಮಾಡಿದ್ದು ಎಂದು ಕೇಳಿ. ಎಷ್ಟು ದಿನ ಮಾಡಿದ್ದು ಎಂದು ಕೇಳಿ. ಅರ್ಧಕ್ಕೆ ನಿಲ್ಲಿಸಿದ ಪ್ರಯೋಗವನ್ನು ನಂಬಬೇಡಿ. ಫೋಟೋ ಇದ್ದರೆ ಮುಖವನ್ನಲ್ಲ, ಮೂಲೆಗಳನ್ನು ನೋಡಿ! ಹದಿನೇಳು ಜನ ಹೆಬ್ಬೆರಳು ಎತ್ತಿದರು. ಅತ್ತೆ ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಆಗಲೇ ನಾನು ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಮನೆಯ ಹೆಂಗಸರು ಎಷ್ಟು ಸುಲಭವಾಗಿ ಮೋಸಹೋಗುತ್ತಾರೆಂದು ತೋರಿಸಲು ನಾನೇ ಒಂದು ಸುಳ್ಳು ಸಂಶೋಧನೆ ಹೆಣೆದೆ. ಭಾನುವಾರ ಹೆಂಡತಿ ಲತಾಮಣಿ ಮತ್ತು ಅತ್ತೆ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿದ್ದಾಗ, ಕುಮಾರಸ್ವಾಮಿ ಲೇಔಟಿನ ನಮ್ಮ ಅಡುಗೆಮನೆಯಲ್ಲಿ ವಿದೇಶಿ ಪ್ರಯೋಗಾಲಯವೊಂದು ಸ್ಥಾಪನೆಯಾಯಿತು! ಮಗಳು ಸ್ಪಂದನಾಳ ಲ್ಯಾಬ್ ಕೋಟು ತೊಟ್ಟು, ಕಾಫಿ ಫಿಲ್ಟರನ್ನು ಮಹಾ ಉಪಕರಣದಂತೆ ಎತ್ತಿಹಿಡಿದು, ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತೆ. ಪಕ್ಕದ ಬೀದಿಯ ಗೆಳೆಯ ಶಶಿಕಾಂತ ಫೋಟೋ ತೆಗೆದ. ಕೆಳಗೆ ಹೀಗೆ ಬರೆದೆ: ‘ನಿಂತು ಊಟ ಮಾಡಿದರೆ ಮಂಡಿನೋವು ಮಾಯ. ವಿದೇಶಿ ವಿಜ್ಞಾನಿಯ ಆರು ವಾರಗಳ ಸಂಶೋಧನೆ. ನಲವತ್ತೈದರಿಂದ ಐವತ್ತೈದು ವಯಸ್ಸಿನ ಆರುನೂರ ಹನ್ನೆರಡು ಗಂಡಸರ ಮೇಲೆ ಪ್ರಯೋಗ.’ ಸುಳ್ಳಿಗೆ ಸಂಖ್ಯೆ ಸೇರಿಸುವುದು ಹಳೇ ಶರ್ಟಿಗೆ ಇಸ್ತ್ರಿ ಹಾಕಿದ ಹಾಗೆ, ತಕ್ಷಣ ಮರ್ಯಾದೆ ಬರುತ್ತದೆ. ಅನುಮಾನ ಬಾರದಿರಲೆಂದು ಅದನ್ನು ಶಶಿಕಾಂತನ ಫೋನಿನಿಂದ ಲತಾಮಣಿಗೆ ಕಳಿಸಿದೆವು.

ಮಾರನೆಯ ಬೆಳಗ್ಗೆ ತಿಂಡಿಗೆ ಬಂದರೆ ನನ್ನ ಕುರ್ಚಿಯೇ ಇಲ್ಲ! ಅದು ಬರೀ ಕುರ್ಚಿಯಲ್ಲ ಸ್ವಾಮಿ. ಬಸ್ಸಿನಲ್ಲಿ ನಿಂತು, ಆಫೀಸಿನ ಕೌಂಟರಿನಲ್ಲಿ ನಿಂತು, ಮತ್ತೆ ಬಸ್ಸಿನಲ್ಲಿ ನಿಂತು ಬರುವ ನನಗೆ ಇಡೀ ದಿನದಲ್ಲಿ ದಕ್ಕುವ ಏಕೈಕ ಸಿಂಹಾಸನ. ಉಳಿದ ಮೂರು ಕುರ್ಚಿಗಳು ಇದ್ದಲ್ಲೇ ಇದ್ದವು, ಹೆಂಡತಿ, ಅತ್ತೆ, ಮಗಳು ಅವುಗಳಲ್ಲಿ ಆರಾಮಾಗಿ ಕೂತಿದ್ದರು.

“ಎದುರುಮನೆ ಶರಣಮ್ಮನ ಹೊಲಿಗೆ ಕ್ಲಾಸಿಗೆ ಕೊಟ್ಟೆ ರೀ,” ಎಂದಳು ಲತಾಮಣಿ, ಕೂತು ದೋಸೆ ಮುರಿಯುತ್ತಾ. “ನಿಮಗೆ ಮಂಡಿನೋವಲ್ವಾ, ಇನ್ಮೇಲೆ ನಿಂತ್ಕೊಂಡೇ ತಿನ್ನಿ.”

ಬಲೆಗೆ ಬಿದ್ದರು ಎಂದು ಒಳಗೊಳಗೇ ಕುಣಿದೆ! ನಾನು ಹೇಳಿಕೊಟ್ಟ ನಿಯಮ ಪಾಲಿಸಿದಿರಾ, ಪಾಲಿಸಿದ್ದರೆ ನೀವೆಲ್ಲ ಯಾಕೆ ಕೂತಿದ್ದೀರಿ ಎಂದು ಗತ್ತಿನಿಂದ ಕೇಳಿದೆ.

“ಪಾಲಿಸಿದ್ವಲ್ಲ,” ಎಂದಳು ಲತಾಮಣಿ. “ಯಾರ ಮೇಲೆ ಪ್ರಯೋಗ? ಗಂಡಸರ ಮೇಲೆ. ವಯಸ್ಸು? ನಲವತ್ತೈದರಿಂದ ಐವತ್ತೈದು. ಈ ಮನೇಲಿ ಅಂಥವರು ನೀವೊಬ್ರೇ.”

ದೋಸೆ ಗಂಟಲಲ್ಲಿ ನಿಂತಿತು, ಜೊತೆಗೆ ನಾನೂ ನಿಂತೆ. ಸುಳ್ಳೆಂದು ಹೇಳಿದರೆ ಬರೆದವನು ನಾನೆಂದು ಒಪ್ಪಬೇಕು, ಎಂಬತ್ತನಾಲ್ಕು ನೆಂಟರಿಗೂ ಅದು ಗೊತ್ತಾಗಬೇಕು. ನಿಂತುಕೊಂಡೇ ಇನ್ನೊಂದು ದೋಸೆ ಹಾಕಿಸಿಕೊಂಡೆ.

ಇಡ್ಲಿಗೆ ನಿಂತೆ. ಬಿಸಿಬೇಳೆ ಬಾತಿಗೆ ನಿಂತೆ. ಸೋಫಾದ ಕಡೆ ಸ್ವಲ್ಪ ವಾಲಿದರೂ ಅತ್ತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮಂಡಿನೋವು ಮಾಯವಾಗುವುದಿರಲಿ, ಸೊಂಟದಲ್ಲೊಂದು ಶಾಖೆ ತೆರೆಯಿತು! ಮೂರನೇ ಭಾನುವಾರ, ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಸಿದ್ದಲಿಂಗಯ್ಯನವರನ್ನು ಲತಾಮಣಿ ಊಟಕ್ಕೆ ಕರೆದಿದ್ದಳು. ಅವರು ಸ್ಪಂದನಾಳ ಕುರ್ಚಿಯಲ್ಲಿ ಕೂತು, ಮೇಜಿನ ತುದಿಯಲ್ಲಿ ನಿಂತಿದ್ದ ನನ್ನನ್ನು ನೋಡಿ, “ಅಣ್ಣ, ಸ್ವಲ್ಪ ಸಾರು,” ಎಂದರು. ಬಡಿಸಿದೆ. ಹಪ್ಪಳ ಕೇಳಿದರು. ಅದನ್ನೂ ತಂದೆ. ಅಡುಗೆ ಕಂಟ್ರ್ಯಾಕ್ಟಿನವರು ಬಹಳ ವಿನಯವಂತರು ಎಂದು ಹೋಗುವಾಗ ಲತಾಮಣಿಯ ಹತ್ತಿರ ಹೊಗಳಿದರಂತೆ.

ನಾಲ್ಕನೇ ವಾರ ಮುಗಿಯುವಷ್ಟರಲ್ಲಿ ನನ್ನ ಮಾನವೂ ಕಾಲೂ ಒಟ್ಟಿಗೆ ಸೋತವು. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯ ಮುಂದೆ ಹೋಗಿ ನಿಂತೆ.

“ಅತ್ತೆ, ಆ ಸಂಶೋಧನೆ ಸುಳ್ಳು. ಬರೆದಿದ್ದು ನಾನೇ.”

ಅವರು ತಲೆ ಎತ್ತಲಿಲ್ಲ. “ಗೊತ್ತು. ಬಂದ ದಿನಾನೇ ಮೂಲೆ ನೋಡಿದೆ. ವಿದೇಶದ ಲ್ಯಾಬಲ್ಲಿ ನಮ್ಮನೆ ಫ್ರಿಜ್ ಇತ್ತು. ಅದ್ರ ಮೇಲೆ ವಾಟರ್ ಕ್ಯಾನ್ ಅಂಗಡಿ ನಂಬರೂ ಇತ್ತು.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಮೆಂತ್ಯದ ನೀರಿನ ವಿಷಯವನ್ನು ಮನೆಯೊಳಗೇ ಮೆಲ್ಲಗೆ ಹೇಳಬಹುದಿತ್ತು, ಅಷ್ಟು ಜನರ ಮುಂದೆ ನಿಮ್ಮನ್ನು ಗೇಲಿ ಮಾಡಿದ್ದು ತಪ್ಪಾಯಿತು ಎಂದೆ. ಅಲ್ಲೇ ನಿಂತು ಅದನ್ನು ಗ್ರೂಪಿನಲ್ಲೂ ಬರೆದೆ. ಅತ್ತೆ ಮೊದಲ ಬಾರಿಗೆ ನಕ್ಕರು. ಮೆಂತ್ಯದ ನೀರನ್ನು ಮೂರೇ ದಿನಕ್ಕೆ ಬಿಟ್ಟರಂತೆ, ಕಹಿಯಂತೆ. ಆ ನಗು ನೋಡಿ ನನಗೆ ಧೈರ್ಯ ಬಂತು.

“ಹಾಗಾದ್ರೆ ಕುರ್ಚಿ ತಂದುಬಿಡ್ಲಾ ಅತ್ತೆ?”

“ಇನ್ನೂ ಎರಡು ವಾರ ಇದ್ಯಲ್ಲ ಅಳಿಯಂದ್ರೇ. ಅರ್ಧಕ್ಕೆ ನಿಲ್ಲಿಸಿದ ಪ್ರಯೋಗ ನಂಬಬಾರ್ದು ಅಂತ ನೀವೇ ಬರೆದಿದ್ರಿ.”